ಬಾಗಿಲಾ ಮುಂದ ಮಾಡ್ರಿ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷ ಕನ್ನಡ ಕಲಿಸಿದ ನನಗೆ ಕನ್ನಡದ ಒಂದು ಶಬ್ದ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ಅದೇನು ಹಳಗನ್ನಡದ ಯಾವುದೋ ಮೂಲೆಯಲ್ಲಿ ಅಡಗಿ ಕೂತ ಶಬ್ದವಲ್ಲ. ದಿನಕ್ಕೆ ನೂರು ಸಲ ಬಾಯಿಗೆ ಬರುವ 'ಮುಂದೆ'. ನಮ್ಮ ಕಡೆಯವರ ಬಾಯಲ್ಲಿ 'ಮುಂದ'. ಸಂಧಿ ಬಿಡಿಸಿದ್ದೇನೆ, ಸಮಾಸ ಬಿಡಿಸಿದ್ದೇನೆ, ಛಂದಸ್ಸಿಗೆ ಪ್ರಸ್ತಾರ ಹಾಕಿ ಹುಡುಗರ ತಲೆ ತಿಂದಿದ್ದೇನೆ. ಆದರೆ 'ಮುಂದ' ಅಂದರೆ ಯಾವ ಕಡೆಗೆ, ಯಾವಾಗ ಎಂದು ಯಾರಾದರೂ ನಿಲ್ಲಿಸಿ ಕೇಳಿದರೆ ಸುಮ್ಮನೆ ಕನ್ನಡಕ ಒರೆಸತೊಡಗುತ್ತೇನೆ. ಈ ಅಜ್ಞಾನದಿಂದಲೇ ನಮ್ಮ ಪಡಸಾಲೆಯಲ್ಲಿ ಒಂದು ಕಪಾಟು ಹುಟ್ಟಿತು. ಹುಟ್ಟಿದ ವಾರದೊಳಗೆ ಅದೇ ಅಜ್ಞಾನದ ದೆಸೆಯಿಂದ ನನ್ನ ಹೆಂಡತಿಯ ಕಸುಬನ್ನೇ ನುಂಗಲು ಹೋಯಿತು.

ಹೆಂಡತಿಯ ಹೆಸರು ನೀಲಾ. ನಮ್ಮ ಓಣಿಯ ಅರ್ಧ ಹೆಂಗಸರ ಜಂಪರುಗಳನ್ನು ಅವಳೇ ಹೊಲಿಯುತ್ತಿದ್ದಳು. ತೊಂಬತ್ತರ ದಶಕದ ನಡುವಿನ ಮಾತು ಇದು. ಮಶೀನಿನ ಕೆಲಸ ಕುರ್ಚಿಯ ಮೇಲೆ ಕೂತು ಆಗುತ್ತದೆ. ಆದರೆ ಬಟ್ಟೆ ಹಾಸಿ, ಗುರುತು ಹಾಕಿ, ಕತ್ತರಿಸುವುದು ನೆಲದ ಮೇಲೆ. ಒಂದು ದಿನ ಹಾಗೆ ಬಗ್ಗಿದವಳು ಏಳಲಿಲ್ಲ. "ರೀ, ಟೊಂಕಾ ಹಿಡದೈತಿ, ಎಬ್ಬಸ್ರಿ" ಅಂದಳು. ಎಬ್ಬಿಸಿದೆ. ಡಾಕ್ಟರು ನೋಡಿ, ಇನ್ನು ನೆಲದ ಮೇಲೆ ಬಗ್ಗಿ ಕೆಲಸ ಮಾಡಕೂಡದು, ಮಾಡಿದರೆ ಹಾಸಿಗೆ ಹಿಡಿಯಬೇಕಾದೀತು ಅಂದರು. ಅವರು ಹೇಳಿದ್ದು ಒಂದೇ ವಾಕ್ಯ. ಅದರಲ್ಲಿ ಅವಳ ಹದಿನೈದು ವರ್ಷದ ಕೆಲಸ ಮುಗಿದೇ ಹೋಗಿತ್ತು.

ಅವಳು ಅಳಲಿಲ್ಲ, ಬಯ್ಯಲಿಲ್ಲ. ಕತ್ತರಿಸದೆ ಉಳಿದಿದ್ದ ಜಂಪರಿನ ಖಣಗಳನ್ನು ಮಡಚಿ, ಒಂದೊಂದರ ಮೇಲೂ ಚೀಟಿ ಇಟ್ಟು, ಯಾರ್‍ಯಾರದು ಅವರವರಿಗೆ ತಿರುಗಿ ಕೊಟ್ಟು ಬಂದಳು. ಬರುವಾಗ ಬರಿಗೈಯಲ್ಲಿ ಬಂದಳು. ಆಮೇಲೆ ಪಡಸಾಲೆಯಲ್ಲಿ ಕೂತು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದುದನ್ನು ನಾನು ಕಂಡೆ.

ನಮ್ಮ ಸಂಸಾರಗಳೇ ನೆಲದ ಮೇಲಿನ ಸಂಸಾರಗಳು, ನೋಡಿ. ಈಳಿಗೆ ನೆಲದ ಮೇಲೆ, ಒಳಕಲ್ಲು ನೆಲದಲ್ಲಿ, ಜೋಳ ಹಸನು ಮಾಡುವುದು ನೆಲದ ಮೇಲೆ, ಶೇಂಗಾ ಒಡೆಯುವುದು, ಹಪ್ಪಳ ಲಟ್ಟಿಸುವುದು, ಉಣ್ಣುವುದು, ಮಲಗುವುದು, ಜಗಳವಾದರೆ ಮುಖ ತಿರುಗಿಸಿ ಕೂಡುವುದು, ಎಲ್ಲ ನೆಲದ ಮೇಲೆಯೇ. ಮೇಜು ನಮ್ಮ ಮನೆಗೆ ಬಂದದ್ದು ಬಹಳ ತಡವಾಗಿ, ಅದೂ ಬೀಗರ ಹಾಗೆ. ಅದರ ಮೇಲೆ ಕೆಲಸ ಮಾಡಲು ಯಾರಿಗೂ ಧೈರ್ಯವಿಲ್ಲ. ಕಸೂತಿ ಹಾಕಿದ ವಸ್ತ್ರ ಹೊದಿಸಿ, ಮೇಲೆ ಹಳೆಯ ಪೇಪರು, ಔಷಧದ ಬಾಟಲಿ, ಮದುವೆಯ ಲಗ್ನಪತ್ರಿಕೆಗಳನ್ನು ಇಡುತ್ತೇವೆ. ನನ್ನ ಬರೆಯುವ ಮೇಜೂ ಅಂಥದೇ. ಅದರ ಮೇಲೆ ಒಂದು ಜಂಪರು ಹಾಸಲು ಜಾಗವಿರಲಿಲ್ಲ. ಇನ್ನೊಂದು ಮೇಜು ಇಡಲು ಪಡಸಾಲೆಯಲ್ಲಿ ಜಾಗವಿರಲಿಲ್ಲ.

ಹಾಗಾಗಿ ನಮ್ಮ ಓಣಿಯ ತುದಿಯ ಮೌನಪ್ಪ ಬಡಿಗೇರನ ಬಳಿ ಹೋದೆ. ಹೆಸರಿಗೆ ತಕ್ಕ ಹಾಗೆ ಆತನದು ಮಾತು ಕಡಿಮೆ. ನಾನು ಎಲ್ಲ ವಿವರಿಸಿದೆ. ನಿಂತು ಕೆಲಸ ಮಾಡುವಂಥದು ಬೇಕು, ಜಾಗ ತಿನ್ನಬಾರದು, ನೂಲು ಗುಂಡಿ ಇಡಲು ಗೂಡು ಬೇಕು. ಆತ ಕಿವಿಯ ಮೇಲಿನ ಪೆನ್ಸಿಲು ತೆಗೆದು, ನೋಡಿ, ಮತ್ತೆ ಕಿವಿಯ ಮೇಲೆ ಇಟ್ಟುಕೊಂಡ.

"ಮುಂದ ಮಾಡೂನ್ರಿ ಮಾಸ್ತರ."

ನನಗೆ ಬಹಳ ಸಂತೋಷವಾಯಿತು. ಆತನ ಕೈಯಲ್ಲಿದ್ದ ಚೌಕಟ್ಟು ಮುಗಿದ ಕೂಡಲೇ, ಅದರ ಮುಂದಿನ ಕೆಲಸವೇ ನನ್ನದು ಎಂದು ಅರ್ಥ ಮಾಡಿಕೊಂಡು ಮನೆಗೆ ಬಂದು ನೀಲಾಗೆ ಹೇಳಿದೆ. ಒಂದು ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಮೌನಪ್ಪ ಉಳಿ ಮುಟ್ಟುವವನಲ್ಲ. ಸಿರಸಂಗಿಗೆ ಹೋಗಿ ಕಾಳಮ್ಮನಿಗೆ ಕಾಯಿ ಒಡೆಸಿಕೊಂಡು ಬರುತ್ತಾನೆ. ಬಂದ ಮೇಲೆ ಕೇಳಿದೆ. "ಮುಂದ ಮಾಡೂನ್ರಿ." ಇನ್ನೊಂದು ಅಮಾವಾಸ್ಯೆಯಾಯಿತು. ಮತ್ತೆ ಅದೇ ಉತ್ತರ. ಆತ ಹೇಳುವ ದನಿಯಲ್ಲಿ ಸುಳ್ಳಿರಲಿಲ್ಲ, ಸೋಮಾರಿತನವಿರಲಿಲ್ಲ. ಮೂರನೆಯ ಅಮಾವಾಸ್ಯೆ ದಾಟಿದ ಮೇಲೆ ನನಗೆ ಹೊಳೆಯಿತು: ನನ್ನ 'ಮುಂದ' ನಾಳಿದ್ದು ಇದೆ, ಆತನ 'ಮುಂದ' ಎಲ್ಲೋ ದಿಗಂತದಲ್ಲಿದೆ.

ಅವತ್ತು ಕೂತು ಈ ಶಬ್ದದ ಬೇರು ಕೆದಕಿದೆ. ಕೆದಕಬಾರದಿತ್ತು. ಮುನ್ನ ಅಂದರೂ ಮುಂಚೆ ಅಂದರೂ ಮೊದಲು. ಅದೇ ಬೇರಿನ ಮುಂದೆ ಅಂದರೆ ಮಾತ್ರ ಆಮೇಲೆ! ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಶಬ್ದಗಳು, ಒಂದು ನಿನ್ನೆಯ ಕಡೆ ಮುಖ ಮಾಡಿ ನಿಂತಿದೆ, ಒಂದು ನಾಳೆಯ ಕಡೆ. ಹೋಗಲಿ, ಹೊಲಕ್ಕೆ ಹೋದರಾದರೂ ಬಗೆಹರಿದೀತೆ ಎಂದರೆ ಅಲ್ಲಿ ಮಳೆಯೇ ಗೊಂದಲದಲ್ಲಿದೆ. ಮುಂಗಾರು ಮೊದಲು ಬರುತ್ತದೆ, ಹಿಂಗಾರು ಆಮೇಲೆ. ಅಂದರೆ ಹಿಂಗಾರು ಮುಂದೆ ಬರುವ ಮಳೆ, ಮುಂಗಾರು ಹಿಂದೆ ಆಗಿಹೋದ ಮಳೆ. ಸವದತ್ತಿ ಕಡೆಯ ರೈತರು ಈ ಲೆಕ್ಕದಲ್ಲೇ ಹಿಂಗಾರಿ ಜೋಳ ಬಿತ್ತಿ, ಬೆಳೆದು, ರೊಟ್ಟಿ ಮಾಡಿಕೊಂಡು ತಿನ್ನುತ್ತಾರೆ; ಒಬ್ಬರಿಗೂ ತಲೆ ತಿರುಗಿದ್ದು ನಾನು ಕೇಳಿಲ್ಲ. ತಿರುಗಿದ್ದು ನನ್ನದೇ. ನೀಲಾಗೆ ಇದನ್ನೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಹಂಗಾರ ಕಪಾಟ ಹಿಂದ ಆಗತೈತೇನ್ರಿ?" ಅಂದಳು.

ಕಪಾಟಿನ ದಾರಿ ತೋರಿಸಿದ್ದು ಕಿತ್ತೂರು. ಪರೀಕ್ಷೆಯ ಕೆಲಸಕ್ಕೆ ಅಲ್ಲಿಗೆ ಹೋಗಿದ್ದವನು, ತಿರುಗಿ ಬರುವ ಬಸ್ಸು ತಪ್ಪಿಸಿಕೊಂಡು ಹೈವೇ ಪಕ್ಕ ನಿಂತಿದ್ದೆ. ಎದುರಿಗೆ ಒಂದು ಪಾನಪಟ್ಟಿ ಅಂಗಡಿ. ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ ಕಟ್ಟಿಗೆಯ ಡಬ್ಬ. ಅಂಗಡಿಯಾತ ಬಂದು ಬೀಗ ತೆಗೆದ. ಮೇಲಿನ ಹಲಗೆಯನ್ನು ಎತ್ತಿ ಕೋಲು ಕೊಟ್ಟ, ಅದು ನೆರಳಾಯಿತು. ಕೆಳಗಿನ ಹಲಗೆಯನ್ನು ಬೀಳಿಸಿದ. ಎರಡು ಸರಪಳಿಗಳು ಅದನ್ನು ನಡುವೆಯೇ ಹಿಡಿದು ನಿಲ್ಲಿಸಿದವು, ಅದು ಕಟ್ಟೆಯಾಯಿತು. ಬಾಗಿಲೇ ಮೇಜು! ಮುಚ್ಚಿದರೆ ಬಾಗಿಲು, ಬಿಚ್ಚಿದರೆ ಮೇಜು, ಹಿಂದೆ ಗೂಡಿನ ತುಂಬ ಡಬ್ಬಿಗಳು. ಇಷ್ಟು ವರ್ಷ ಎಲೆ ಹಾಕಿಕೊಂಡು ಇದರ ಮುಂದೆ ನಿಂತವನಿಗೆ ಒಮ್ಮೆಯೂ ಕಾಣದ್ದು ಅವತ್ತು ಕಂಡಿತು. ಕೊಡೆ ತೆಗೆದು ಹಲಗೆಯ ಎತ್ತರ ಅಳೆಯತೊಡಗಿದೆ.

"ಏನ್ರಿ ಮಾಸ್ತರ, ಎಲಿ ಬೇಕೇನು, ಅಂಗಡೀನ ಬೇಕೇನು?" ಅಂದ ಅಂಗಡಿಯ ಹಸನಸಾಬ. ಕೊಡೆ, ಚೀಲ, ಕನ್ನಡಕ ಮೂರೂ ಇದ್ದವನನ್ನು ನಮ್ಮ ಕಡೆ ಮಾಸ್ತರ ಅಂತಲೇ ಕರೆಯುವುದು.

"ಹಲಗಿ ಮುಂದ ಎಷ್ಟ ಬರತೈತಿ ಅಂತ ನೋಡಾಕ ಹತ್ತೇನ್ರಿ."

"ಯಾರ ಮುಂದ್ರಿ? ನೀವ ಹೊರಗ ನಿಂತೀರಿ, ನಾ ಒಳಗ ಕುಂತೇನಿ. ನಿಮ್ಮ ಅಳತಿ ಬ್ಯಾರೆ, ನನ್ನ ಅಳತಿ ಬ್ಯಾರೆ."

ಮಾತು ಖರೇ. ಹೊರಗೆ ನಿಂತ ಗಿರಾಕಿಗೆ ಎದೆಮಟ್ಟ ಬರುವ ಹಲಗೆ, ಒಳಗೆ ಕೂತ ಆತನಿಗೆ ಮೊಣಕಾಲ ಮಟ್ಟ ಬರುತ್ತಿತ್ತು. ಎರಡನ್ನೂ ಬಸ್ಸಿನ ಟಿಕೇಟಿನ ಹಿಂದೆ ಬರೆದುಕೊಂಡೆ. ಊರು ಮುಟ್ಟುವಷ್ಟರಲ್ಲಿ ಯಾವುದು ಯಾರದು ಎನ್ನುವುದು ಮರೆತಿತ್ತು. ನೀಲಾ ಟಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನಿಂದ್ರಾಕಿ ನಾನು. ಪಾನಂಗಡಿ ಅಳತಿ ಯಾಕ್ರಿ?"

ಆಗ ನನಗೆ ನಾಚಿಕೆಯಾಯಿತು. ಅವಳದೇ ಟೇಪು ತೆಗೆದುಕೊಂಡು, ಅವಳನ್ನು ಗೋಡೆಗೆ ನಿಲ್ಲಿಸಿ, ನೆಲದಿಂದ ಮೊಣಕೈವರೆಗೆ ಅಳೆದೆ. ಟೇಪನ್ನು ಉಲ್ಟಾ ಹಿಡಿದಿದ್ದೆ, ಅವಳು ಸರಿ ಮಾಡಿದಳು. ಓಣಿಯ ಹೆಂಗಸರನ್ನೆಲ್ಲ ಅಳೆದವಳನ್ನು ಈವರೆಗೆ ಯಾರೂ ಅಳೆದಿರಲಿಲ್ಲ. ಅವಳು ನೆಟ್ಟಗೆ, ಅಲುಗಾಡದೆ, ಸ್ವಲ್ಪ ನಾಚಿಕೊಂಡು ನಿಂತಿದ್ದಳು.

ಕಟ್ಟಿಗೆ ಸಿಕ್ಕದ್ದು ಯರಗಟ್ಟಿಯಲ್ಲಿ. ಅಲ್ಲಿಯ ಪೇಟೆಯ ಅಂಗಡಿಗಳಿಗೆ ಆಗ ಒಂದೊಂದಾಗಿ ಕಬ್ಬಿಣದ ಶಟರು ಬರುತ್ತಿತ್ತು. ಅದಕ್ಕೂ ಮೊದಲು ಅಂಗಡಿಗೆ ಹಲಗೆಬಾಗಿಲು. ಹಲಗೆಗಳಿಗೆ ಅಂಕಿ ಬರೆದು, ಬೆಳಗ್ಗೆ ಒಂದೊಂದೇ ಕಳಚಿ, ಸಂಜೆ ಅದೇ ಸರತಿಯಲ್ಲಿ ಸೇರಿಸುವಂಥದು. ಪರಿಚಯದ ಕಿರಾಣಿಯವರೊಬ್ಬರು ಕಿತ್ತು ಹಾಕಿದ್ದ ಒಂಬತ್ತು ಸಾಗವಾನಿ ಹಲಗೆಗಳನ್ನು ಒಯ್ಯಿರಿ ಅಂದರು. ಬಸ್ಸಿನ ಟಾಪಿಗೆ ಏರಿಸಿದೆ.

"ಏನ್ರಿ ಇದು?" ಅಂದ ಕಂಡಕ್ಟರ.

"ಕಪಾಟ."

ಆತ ಮೇಲೆ ನೋಡಿದ. "ಎಲ್ಲೈತ್ರಿ ಕಪಾಟ?"

"ಮುಂದ ಆಗತೈತಿ," ಅಂದೆ.

ಆಮೇಲಿನ ಒಂದು ತಿಂಗಳ ಭಾನುವಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೌನಪ್ಪನ ಕರಗಸ ಎರವಲು ತಂದಿದ್ದೆ. ಕೊಡುವಾಗ ಆತ ನನ್ನ ಕೈಗಳನ್ನು ನೋಡಿದ, ಕರಗಸ ನೋಡಿದ, ಕರಗಸದ ಬಗ್ಗೆ ಮರುಕಪಟ್ಟಂತೆ ಕಂಡಿತು. ನಾನು ಕೊಯ್ದದ್ದು ಎಂದೂ ನೇರ ಬರಲಿಲ್ಲ. ಶುರುವಿಗೆ ಒಳ್ಳೆಯ ದಾರಿ ಹಿಡಿದ ಕರಗಸ, ಅರ್ಧಕ್ಕೆ ಬಂದ ಮೇಲೆ ನನ್ನ ಹಾಗೆ ವಿಷಯಾಂತರ ಮಾಡುತ್ತಿತ್ತು. ನೀಲಾ ಹೊಸ್ತಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತು ಒಂದೇ ಮಾತು ಹೇಳುತ್ತಿದ್ದಳು: "ಮೊದಲ ಹಾಳ್ಯಾಗ ಕತ್ತರಸ್ರಿ." ಹಾಳೆಯಲ್ಲಿ ಕತ್ತರಿಸಿ ನೋಡಿ ಆಮೇಲೆ ಬಟ್ಟೆಗೆ ಕತ್ತರಿ ಇಡುವುದು ಅವಳ ರೂಢಿ. ಕಟ್ಟಿಗೆಗೆ ಎಂಥ ಹಾಳೆ ಎಂದು ನಕ್ಕೆ. ಮಗ್ಗುಲ ಹಲಗೆ ಎರಡು ಬೆರಳು ಗಿಡ್ಡವಾದಾಗ ಅವಳು ಇಣುಕಿ, "ಒಳಗ ಮಾರ್ಜಿನ್ ಬಿಟ್ಟಿಲ್ಲೇನು?" ಎಂದು ಕೇಳಿದಳು. ಜಂಪರಿಗೆ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರಂತೆ. ಮೈ ಬಂದರೆ ಬಿಚ್ಚಿ ಸಡಿಲ ಮಾಡಬಹುದು, ತಪ್ಪಿದರೆ ತಿದ್ದಬಹುದು. ಸಾಗವಾನಿಗೆ ಆ ಸೌಕರ್ಯವಿಲ್ಲ. ಗಿಡ್ಡವಾದದ್ದಕ್ಕೆ ತುಂಡು ಸೇರಿಸಿದೆ, ತುಂಡಿಗೆ ಇನ್ನೊಂದು ತುಂಡು.

ಹಾಗೂ ಹೀಗೂ ಒಂದು ಭಾನುವಾರ ಕಪಾಟು ಗೋಡೆಗೆ ನಿಂತಿತು. ಪಡಸಾಲೆಯಲ್ಲಿ ಬೆಳಕು ಬೀಳುವ ಗೋಡೆ ಒಂದೇ, ಬೀದಿಬಾಗಿಲಿನ ಪಕ್ಕದ್ದು, ಅಲ್ಲಿಯೇ ನಿಲ್ಲಿಸಿದೆವು. ಹಳೆಯ ಅಂಕಿಗಳು ಅಳಿಸಿರಲಿಲ್ಲ. ಎಡಗಡೆ ಮೂರು, ಬಲಗಡೆ ಎಂಟು, ಬಾಗಿಲಿನ ಮೇಲೆ ತಲೆಕೆಳಗಾದ ನಾಲ್ಕು ಮತ್ತು ಅರ್ಧ ಆರು. ಕೆಳಗಿನ ಅಂಚಿಗೆ ಬಿಜಾಗರಿಯ ಕೀಲು ಹಾಕಿದ ಬಾಗಿಲನ್ನು ಇಳಿಸಿದರೆ ಸರಪಳಿಗಳು ಬಿಗಿದು ಮೇಜಾಗುತ್ತಿತ್ತು. ಸರಪಳಿ ಮಾತ್ರ ಸರಿಸಮ ಇರಲಿಲ್ಲ. ಒಂದು ಕೊಂಡಿ ತೆಗೆದರೆ ಮೇಜು ಮೂಡಲಕ್ಕೆ ಇಳಿಜಾರು, ಹಾಕಿದರೆ ಪಡುವಲಕ್ಕೆ. ಗುರುತು ಹಾಕುವ ಚಾಕ್ ಇಟ್ಟರೆ ಉರುಳಿ ಬಂದು ನೀಲಾಳ ಕೈಸೇರುತ್ತಿತ್ತು. "ಕರದ ಕೂಡ್ಲೇ ಬರತೈತಿ, ಇರ್ಲಿ ಬಿಡ್ರಿ," ಎಂದಳು. ಅವಳು ನಕ್ಕದ್ದನ್ನು ಕಂಡು ಬಹಳ ದಿನವಾಗಿತ್ತು.

ಮೌನಪ್ಪ ಕರಗಸ ಒಯ್ಯಲು ಬಂದವನು ಕಪಾಟನ್ನು ಒಮ್ಮೆ ಅಲ್ಲಾಡಿಸಿ ನೋಡಿದ. "ನಿಂತೈತಿ," ಎಂದ. ಆತನ ಬಾಯಲ್ಲಿ ಇದು ದೊಡ್ಡ ಸನ್ಮಾನ. ಹೋಗುವಾಗ ಬಿಜಾಗರಿ ಕಿರುಗುಟ್ಟಿದ್ದು ಕೇಳಿ, "ಎರಡ ಹನಿ ಎಣ್ಣಿ ಬಿಡ್ರಿ," ಎಂದ. ಎರಡು ಹನಿ ಎಂಬ ಅಳತೆಯಲ್ಲಿ ನನಗೆ ನಂಬಿಕೆ ಬರಲಿಲ್ಲ. ಮಶೀನಿನ ಎಣ್ಣೆಯ ಡಬ್ಬಿಯನ್ನು ಅರ್ಧ ಬಗ್ಗಿಸಿದೆ.

ಈಗ ನಿಮಗೆ ನಮ್ಮ ಕಡೆಯ ಒಂದು ಮಾತು ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಗಳಿ ಹಾಕದೆ ಬಾಗಿಲನ್ನು ಸುಮ್ಮನೆ ಎಳೆದು ಮುಚ್ಚುವುದಕ್ಕೆ ನಾವು 'ಬಾಗಿಲಾ ಮುಂದ ಮಾಡೂದು' ಎನ್ನುತ್ತೇವೆ. 'ಮುಚ್ಚು' ಎಂದರೆ ಏನೋ ಅಶುಭ ಅನ್ನಿಸುತ್ತದೆ, ಬಂದವರಿಗೆ ಬೇಡ ಅಂದ ಹಾಗಾಗುತ್ತದೆ. ಮುಂದ ಮಾಡು ಅಂದರೆ ಮುಚ್ಚಿಯೂ ಮುಚ್ಚದ ಹಾಗೆ. ಎಷ್ಟು ಮರ್ಯಾದೆಯ ಮಾತು! ಆದರೆ ಈ ಮಾತನ್ನು ಹುಟ್ಟಿಸಿದ ಹಿರಿಯರ ಮನೆಯಲ್ಲಿ, ಮುಂದಕ್ಕೆ ಬಂದರೆ ತೆರೆದುಕೊಳ್ಳುವ ಬಾಗಿಲು ಇರಲಿಲ್ಲ. ನನ್ನ ಮನೆಯಲ್ಲಿತ್ತು. ಅದೂ ಬೀದಿಬಾಗಿಲಿನ ಪಕ್ಕದಲ್ಲೇ.

ಮೇಜಿನ ಮೇಲೆ ಮೊದಲು ಬಂದದ್ದು ಎದುರುಮನೆಯ ಅಮೀನಾಬಿಯ ಬಟ್ಟೆ. ಅವರ ಮಗಳ ನಿಕಾ ಹತ್ತಿರ ಬಂದಿತ್ತು. ರಾಮದುರ್ಗದ ಬೀಗರು ಕೊಟ್ಟ ಗಿಳಿಹಸಿರು ರೇಶ್ಮೆ ಸೀರೆ, ಅದರದೇ ಜಂಪರಿನ ತುಂಡು. ಇನ್ನೊಂದು ತುಂಡು ಎಲ್ಲಿಯೂ ಸಿಗುವಂಥದಲ್ಲ. "ಬ್ಯಾರೆಯವರ ಕೈಗೆ ಕೊಡಾಕ ಮನಸ ಬರವಲ್ದು ನೀಲವ್ವಾ. ಆದ್ರ ನಿನ್ನ ಟೊಂಕಾ?" ಎಂದರು. ನೀಲಾ ಕಪಾಟಿನ ಬಾಗಿಲನ್ನು ಇಳಿಸಿ ತೋರಿಸಿದಳು. ನಾನು ಪೇಪರು ಓದುವವನ ಹಾಗೆ ಕೂತು ಅಮೀನಾಬಿಯ ಮುಖ ನೋಡುತ್ತಿದ್ದೆ. ಬಟ್ಟೆಯನ್ನು ಅವಳ ಕೈಗೆ ಕೊಟ್ಟು ಹೋದರು. ಎಷ್ಟೋ ತಿಂಗಳ ಮೇಲೆ ಬಂದ ಮೊದಲ ಕೆಲಸ. ಇದು ಸರಿಹೋದರೆ ತಿರುಗಿ ಕೊಟ್ಟ ಖಣಗಳೆಲ್ಲ ತಿರುಗಿ ಬರುತ್ತವೆ, ಇಲ್ಲದಿದ್ದರೆ ಇಲ್ಲ.

ಮರುದಿನ ಮಧ್ಯಾಹ್ನ ಬಿಸಿಲು ರಣರಣ ಅನ್ನುತ್ತಿತ್ತು. ನೀಲಾ ಮೇಜಿನ ಮೇಲೆ ರೇಶ್ಮೆ ಹಾಸಿ, ಒಂದು ಗುರುತು ಹಾಕಿ, ಹಾಲು ಉಕ್ಕುವ ಸದ್ದು ಕೇಳಿ ಒಳಗೆ ಹೋದಳು. ಬೀದಿಯಲ್ಲಿ ಸುಂಟರಗಾಳಿ ಎದ್ದಿತು. ಎರಿಹೊಲದ ಧೂಳೆಲ್ಲ ಓಣಿಗೆ ನುಗ್ಗಿತು. ಒಳಗಿನಿಂದ ಕೂಗು ಬಂತು: "ರೀ, ಧೂಳ ಬರಾಕ ಹತ್ತೇತಿ, ಬಾಗಿಲಾ ಮುಂದ ಮಾಡ್ರಿ!"

ಆ ವಾರ ನನ್ನ ತಲೆಯಲ್ಲಿದ್ದ ಬಾಗಿಲು ಒಂದೇ, ನಾನು ಮಾಡಿದ್ದು. ಎದ್ದೆ. ಆದರೂ ಕುರುಡನ ಹಾಗೆ ಮಾಡಲಿಲ್ಲ ಎಂದು ನನ್ನ ಪರವಾಗಿ ಹೇಳಿಕೊಳ್ಳಬೇಕು. ಅರೆಗಳಿಗೆ ನಿಂತು ವಿಚಾರ ಮಾಡಿದೆ. ಈ ಬಾಗಿಲು ಈಗಾಗಲೇ ಮುಂದಿದೆ. ಮುಂದಿದ್ದದ್ದನ್ನು ಮುಂದ ಮಾಡುವುದು ಹೇಗೆ? ಹಾಗಾದರೆ ಅವಳ ಅರ್ಥ ಮುಚ್ಚು ಎಂದೇ ಇರಬೇಕು. ಬಟ್ಟೆಗೆ ಧೂಳು ಬೀಳಬಾರದಲ್ಲ. ವ್ಯಾಕರಣ ಕಲಿಸುವವನ ಬುದ್ಧಿ ಹೀಗೆ ತೀರ್ಪು ಕೊಟ್ಟ ಮೇಲೆ ಮೇಜನ್ನು ಎರಡೂ ಕೈಯಿಂದ ಎತ್ತಿ ಕಪಾಟಿಗೆ ಬಡಿದೆ. ರೇಶ್ಮೆ ಜಾರಿ ಕೆಳಗಿನ ಸಂದಿಗೆ ಹೋಯಿತು. ಸಂದಿಯಲ್ಲಿ ಬಿಜಾಗರಿ. ಬಿಜಾಗರಿಯಲ್ಲಿ ಅರ್ಧ ಡಬ್ಬಿ ಎಣ್ಣೆ. ಬೀದಿಬಾಗಿಲು ಹಾಗೆಯೇ ಹಾರು ಹೊಡೆದಿತ್ತು. ಧೂಳು ನಿರಾತಂಕವಾಗಿ ಬಂದು ನನ್ನ ಕನ್ನಡಕದ ಮೇಲೆ ಕೂತಿತು.

ನೀಲಾ ಹೊರಗೆ ಬಂದು ಬಾಗಿಲು ಇಳಿಸಿದಳು. ಗಿಳಿಹಸಿರಿನ ಮೇಲೆ ಗೇಣುದ್ದದ ಕರಿಯ ಗೆರೆ.

ಅವಳು ಏನಾದರೂ ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತಳು. ಡಾಕ್ಟರು ಬೇಡವೆಂದಿದ್ದ ಅದೇ ನೆಲ. "ಅಮೀನಾಬಿ ಅಕ್ಕಾರಿಗೆ ಕೊಟ್ಟ ಬರತೇನಿ. ಇನ್ನ ಸಾಕ್ರಿ ಇದು," ಎಂದಳು. ನಾನು ಕೊಡಬಹುದಾದ ಉತ್ತರಗಳೆಲ್ಲ ವ್ಯಾಕರಣದ ಉತ್ತರಗಳಾಗಿದ್ದವು. ನನ್ನ ಬಾಯಿಂದ ಬಂದದ್ದು ಒಂದೇ: "ನಂದ ತಪ್ಪ, ನೀಲಾ."

ಅವಳು ನನ್ನನ್ನು ನೋಡಿದಳು. ಆಮೇಲೆ ಗೆರೆಯನ್ನು ನೋಡಿದಳು. ಕೈ ಚಾಚಿದಳು, ಎಬ್ಬಿಸಿದೆ. ಚಾಕನ್ನು ಪುಡಿ ಮಾಡಿ ಗೆರೆಯ ಮೇಲೆ ಉದುರಿಸಿ, ಮೇಲೊಂದು ಕೆಳಗೊಂದು ಹಾಳೆ ಇಟ್ಟು ಇಸ್ತ್ರಿ ಆಡಿಸಿದಳು. ಕರಿಯದು ಕಂದಾಯಿತು, ಕಂದು ನೆರಳಾಯಿತು. ಪೂರ್ತಿ ಹೋಗಲಿಲ್ಲ. "ಪೇಪರ್ ಕೊಡ್ರಿ," ಎಂದಳು. ಓದುತ್ತಿದ್ದುದನ್ನೇ ಕೊಟ್ಟೆ. ಅದರಲ್ಲಿ ಜಂಪರಿನ ಎದೆ, ಬೆನ್ನು, ತೋಳುಗಳನ್ನು ಕತ್ತರಿಸಿ ರೇಶ್ಮೆಯ ಮೇಲೆ ಇಟ್ಟಳು. ತೆಗೆದಳು, ತಿರುಗಿಸಿದಳು, ತೋಳನ್ನು ಬೆನ್ನಿನ ಮಗ್ಗುಲಿಗೆ ತಂದಳು, ಮತ್ತೆ ತೆಗೆದಳು. ಒಂದು ತಾಸಿಗೂ ಮಿಕ್ಕಿ ಹಾಗೆಯೇ ನಿಂತಿದ್ದಳು. ನಿಂತೇ ಇದ್ದಳು ಎನ್ನುವುದು ನನ್ನ ಲಕ್ಷ್ಯಕ್ಕೆ ಬಂದದ್ದು ಆಮೇಲೆ. ಟೊಂಕದ ನೆನಪು ಅವಳಿಗೂ ಇರಲಿಲ್ಲ. ಕೊನೆಗೆ ಉಸಿರು ಬಿಟ್ಟು, "ಬಗಲಿನ ಹೊಲಿಗಿ ಒಳಗ ಹೋತು, ಮಾರ್ಜಿನ್‌ದಾಗ," ಎಂದು ಕತ್ತರಿ ಕೈಗೆತ್ತಿಕೊಂಡಳು. ರೇಶ್ಮೆ ಕತ್ತರಿಸುವ ಸದ್ದು ಎಷ್ಟು ಹಿತವಾಗಿರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎರಡು ದಿನಕ್ಕೆ ಜಂಪರು ಮುಗಿಯಿತು. ಅಮೀನಾಬಿ ಬಂದು ನೋಡಿ ಕಣ್ಣಿಗೊತ್ತಿಕೊಂಡರು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ನೀಲಾ ಜಂಪರನ್ನು ತಿರುವಿ, ಬಗಲಿನ ಹೊಲಿಗೆಯ ಅಂಚು ಅಗಲಿಸಿ, ಒಳಗಿನ ಕಲೆಯನ್ನು ತಾನೇ ತೋರಿಸಿದಳು. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ.

"ಅಯ್ಯ, ಇದನ್ಯಾಕ ತೋರಸ್ತೀ? ನಾ ನೋಡಿದ್ದಿಲ್ಲಲ್ಲ?"

"ನಾ ನೋಡೇನಲ್ರಿ ಅಕ್ಕಾರ."

ಅಮೀನಾಬಿ ಕಲೆಯ ಮೇಲೆ ಬೆರಳಾಡಿಸಿದರು. ಆಮೇಲೆ ಹೇಗಾಯಿತು ಎಂದು ಕೇಳಿದರು; ನೀಲಾ ನನ್ನ ಕಡೆ ನೋಡದೆಯೇ ಹೇಳಿದಳು. ಅವರು ಪೇಪರನ್ನು ನನ್ನ ಮುಖದ ಮೇಲಿಂದ ಸರಿಸಿದರು.

"ಏನ್ರಿ ಮಾಸ್ತರ, ಊರ ಮಕ್ಕಳಿಗೆ ಕನ್ನಡಾ ಕಲಸ್ತೀರಿ. ಹೇಣ್ತಿ ಆಡಿದ್ದ ಕನ್ನಡಾ ತಿಳೀಲಿಲ್ಲೇನ?"

ತಿಳಿಯಲಿಲ್ಲ ಅಂದೆ. ಅವರು ಬಿದ್ದು ಬಿದ್ದು ನಕ್ಕರು, ನೀಲಾ ನಕ್ಕಳು, ನಾನೂ ಸೇರಿಕೊಂಡೆ. ಮರುದಿನ ಅಮೀನಾಬಿಯ ಮನೆಯಿಂದ ಒಂದು ಗಂಟು ಬಂತು. ನಿಕಾಕ್ಕೆ ಬರುವ ನಾದಿನಿಯರ, ಅಕ್ಕತಂಗಿಯರ ಜಂಪರಿನ ಬಟ್ಟೆಗಳೆಲ್ಲ ಅದರಲ್ಲಿದ್ದವು. ಕಲೆ ತೋರಿಸಿದವಳ ಕೈಗೇ ಕೊಡಬೇಕೆಂದು ಅವರು ಹೇಳಿಕಳಿಸಿದ್ದರಂತೆ. ಅದರ ಬೆನ್ನಿಗೆ ಓಣಿಯ ಖಣಗಳು ಒಂದೊಂದಾಗಿ ಬಂದವು. ಕೆಲವರ ಖಣದ ಮೇಲೆ ನೀಲಾಳ ಹಳೆಯ ಚೀಟಿ ಹಾಗೆಯೇ ಇತ್ತು.

ಅದಾಗಿ ಹತ್ತು ವರ್ಷವಾಯಿತು. ಎರಡು ಸಾವಿರದ ಇಸವಿ ಬಂತು, ದಾಟಿತು. ಕಪಾಟು ಈಗಲೂ ಅಲ್ಲಿಯೇ ಇದೆ, ಮೌನಪ್ಪ ಹೇಳಿದ ಹಾಗೆ ನಿಂತಿದೆ. ಆದರೆ ಅದರ ಬಗ್ಗೆ ನಿಮಗೊಂದು ಗುಟ್ಟು ಹೇಳಬೇಕು. ಮಡಚುವ ಮೇಜು ಎಂದು ನಾನು ಅಷ್ಟು ಕಷ್ಟಪಟ್ಟು, ಬಿಜಾಗರಿ ಹಾಕಿ, ಸರಪಳಿ ಜೋಡಿಸಿ ಮಾಡಿದೆನಲ್ಲ, ಅದನ್ನು ಆ ಧೂಳಿನ ದಿನದ ಮೇಲೆ ಯಾರೂ ಮಡಚಿಲ್ಲ. ಮಡಚಲು ಪುರುಸೊತ್ತೇ ಸಿಕ್ಕಿಲ್ಲ. ಒಂದು ಜಂಪರು ಮೇಜಿನಿಂದ ಇಳಿಯುವುದರೊಳಗೆ ಇನ್ನೊಂದು ಹತ್ತಿ ಕೂತಿರುತ್ತದೆ. ಬಿಜಾಗರಿ ಇದ್ದಲ್ಲೇ ತುಕ್ಕು ಹಿಡಿದು ಗಟ್ಟಿಯಾಗಿದೆ. ಈಗ ಮಡಚುತ್ತೇನೆಂದರೂ ಮಡಚುವುದಿಲ್ಲ. ಜಾಗ ತಿನ್ನಬಾರದು ಎಂದು ಹುಟ್ಟಿದ ಕಪಾಟು ಅರ್ಧ ಪಡಸಾಲೆ ತಿಂದುಕೊಂಡು ಕೂತಿದೆ. ಬೀಗರು ಬಂದರೆ ಅಡ್ಡಡ್ಡ ನಡೆದು ಒ‍ಳಗೆ ಹೋಗುತ್ತಾರೆ.

ಅದರ ಮೂಲೆ ಸರಿಯಾಗಿ ನನ್ನ ಸೊಂಟದ ಮಟ್ಟಕ್ಕೆ ಬರುತ್ತದೆ. ದಿನ ಬೆಳಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಒಮ್ಮೆ, ಸಂಜೆ ಬಂದಾಗ ಒಮ್ಮೆ ಬಡಿಯುತ್ತದೆ. ಬಡಿದ ಜಾಗ ವರ್ಷವಿಡೀ ನೀಲಿಗಟ್ಟಿರುತ್ತದೆ. ನೀಲಾ ಕತ್ತರಿ ನಿಲ್ಲಿಸಿ, "ಬಡೀತೇನ್ರಿ?" ಎಂದು ಕೇಳುತ್ತಾಳೆ. ಇಲ್ಲ ಎಂದು ಸೊಂಟ ಉಜ್ಜಿಕೊಳ್ಳುತ್ತ ಒಳಗೆ ಹೋಗುತ್ತೇನೆ. ಹಿಂದಿನಿಂದ ಕತ್ತರಿಯ ಸದ್ದು ಮತ್ತೆ ಶುರುವಾಗುವವರೆಗೆ ಅಡುಗೆಮನೆಯ ಹೊಸ್ತಿಲ ಮೇಲೆ ಸ್ವಲ್ಪ ನಿಲ್ಲುತ್ತೇನೆ.